ದುಕಾನ್ ಬಂದ್ ಮಾಡ್ಲತ್ತೀವಿ: ಎಲ್ಲಾರೂ ಪದೇ ಪದೇ ಕೇಳ್ಲತ್ತಿದ್ದ ಪ್ರಶ್ನೆಗಳು

ಸೈಟ್ ಮ್ಯಾಲ "ಇನ್ನ ಮುಂದ ಹೊಸ ಆರ್ಡರ್ ಇಲ್ಲ" ಅಂತ ಒಂದೇ ಸಾಲು ಹಾಕಿದ್ವಿ, ಅವತ್ತಿನಿಂದ ವಾಟ್ಸಾಪ್ ಸುಮ್ನ ಕುಂದ್ರವಲ್ದು. ಬೀದರ್‌ದಿಂದ ಒಬ್ರು, ಶಹಾಪುರದಿಂದ ಒಬ್ರು, ಸುರಪುರದ ಆನ್‌ಲೈನ್ ಸೆಂಟರ್‌ನವ್ರು, ಗಂಜಿನ (ಕಾಳಿನ ಮಾರ್ಕೆಟ್ಟಿನ) ದಲಾಲಿ ಅಂಗಡಿ ಮುನೀಮರು, ಎಲ್ಲಾರೂ ಕೇಳೋದು ಅವೇ ಹದಿನೈದು ಇಪ್ಪತ್ತು ಪ್ರಶ್ನಿ. ಒಬ್ಬೊಬ್ರಿಗಿ ಟೈಪ್ ಮಾಡಿ ಮಾಡಿ ಬೆರಳು ನೋಯ್ಲತ್ತಾವ, ಅದಕ್ಕ ಇಲ್ಲಿ ಬರ್ದು ಇಟ್ಟೀನಿ. ಉದ್ದ ಅದ, ನಿಮಗ ಬೇಕಾದ್ದಷ್ಟ ಓದ್ಕೋರಿ. ನಮ್ಮಿಂದ ರೊಕ್ಕ ಬರೋದು ಇದ್ದವ್ರು ಮಾತ್ರ ಪೂರಾ ಓದ್ರಿ.

ಯಾರೋ ಈ ಲಿಂಕ್ ಕಳ್ಸಿದ್ರು, ನಿಮ್ಮದು ಯಾನ್ ದುಕಾನ್ ಅಂತನೇ ಗೊತ್ತಿಲ್ಲ?

ಹಳೇ ಡೆಸ್ಕ್‌ಟಾಪಿನ ಪಾರ್ಟು ಮಾರೋರು ನಾವು. ಗೇಮಿಂಗ್ ಪಿಸಿ, ಬಣ್ಣದ ಲೈಟಿನ ಫ್ಯಾನು, ಗ್ಲಾಸಿನ ಕ್ಯಾಬಿನೆಟ್ಟು ನಮ್ಮ ಲೈನ್ ಅಲ್ಲ. ಡಿಡಿಆರ್2, ಡಿಡಿಆರ್3 ರ‍್ಯಾಮ್, 775 ಮತ್ತು 1155 ಸಾಕೆಟಿನ (ಪ್ರೊಸೆಸರ್ ಕುಂದ್ರೋ ಜಾಗಾದ) ಮದರ್‌ಬೋರ್ಡು, ಅದಕ್ಕ ಕೂಡೋ ಪ್ರೊಸೆಸರು, ಕೂಲರ್ ಫ್ಯಾನು, ಎಸ್‌ಎಂಪಿಎಸ್ (ಒಳಗ ಕರೆಂಟ್ ಕೊಡೋ ಡಬ್ಬಿ), ಸಾಟಾ ಕೇಬಲ್, ಪಿಎಸ್2 ಕೀಬೋರ್ಡು, ಸೀಮೋಸ್ ಸೆಲ್ಲು, ಇಂಥವು. 2016ರಾಗ ಶುರು ಮಾಡಿದ್ದು. ಅದಕ್ಕಿಂತ ಮೊದಲ ಕಲಬುರಗಿದಾಗ ಒಂದು ಹಳೇ ಬೋರ್ಡು ಸುಟ್ಟಿತಂದ್ರ ಮುಂಜಾನೆ ರೈಲ್ ಹತ್ತಿ ವಾಡಿ, ತಾಂಡೂರ್, ವಿಕಾರಾಬಾದ್ ದಾಟಿ ಸಿಕಂದರಾಬಾದಿನ ಸಿಟಿಸಿ ಅನ್ನೋ ಕಂಪ್ಯೂಟರ್ ಬಜಾರಿಗಿ ಹೋಗ್ಬೇಕು, ಅಲ್ಲಿ ಹತ್ತು ದುಕಾನಿನ ಮೆಟ್ಟಲ ಹತ್ತಿ ಇಳೀಬೇಕು, ರಾತ್ರಿ ವಾಪಸ್ ಬಂದು ಹಚ್ಚಿ ನೋಡಿದ್ರ ನಡೀಬೇಕು. ನಾ ಈ ಕೆಲ್ಸ ಮಂದಿ ಸಲುವಾಗಿ ಎಷ್ಟು ಸಲ ಮಾಡೀನಂದ್ರ ಒಂದಿನ ಒಂದು ಚೀಲ ತುಂಬ ಮಾಲು ತಂದು ಪಟ್ಟಿ ಮಾಡಿ ಸೈಟಿಗಿ ಹಾಕ್ದೆ. ಹಂಗ ಶುರು ಆತು.

ಖರೇನ ಬಂದ್ ಮಾಡ್ಲತ್ತೀರೇನ್ರಿ, ಇಲ್ಲಾ ಸೇಲ್ ಸಲುವಾಗಿ ನಾಟಕಾನ?

ಖರೇನ. ನಾಟಕ ಆಗಿದ್ರ ಸೇಲ್ ಹಾಕ್ತಿದ್ವಿ, ಸೇಲೂ ಹಾಕಿಲ್ಲ. ಅಪ್ಪನ (ಶರಣಬಸವೇಶ್ವರರ) ಜಾತ್ರಿ ಮುಗಿಯೋ ತನಕ ಕಲಬುರಗಿ ಸೂಪರ್ ಮಾರ್ಕೆಟ್‌ದಾಗಿನ ಮ್ಯಾಲಿನ ರೂಮು ತೆಗೆದಿರ್ತದ, ಮುಂಜಾನೆ 11ರಿಂದ ಸಂಜಿ 6ರ ತನಕ, ನಡುವ ಊಟಕ್ಕ ಒಂದು ತಾಸು ಇರಂಗಿಲ್ಲ. ಯುಗಾದಿಗಿ ಷಟರ್ ಕೆಳಗ. ಯುಗಾದಿಗಿ ಮಂದಿ ದುಕಾನ್ ತೆಗೀತಾರ, ನೀ ಮುಚ್ಲತ್ತಿ ಅಂತ ನಮ್ಮವ್ವ ಬೈದಳು, ಏನ್ ಮಾಡೋದು, ಮಾರ್ಚ್ 31ಕ್ಕ ಸರ್ಕಾರದ ವರ್ಷ ಮುಗೀತದ, ಅದರೊಳಗ ಲೆಕ್ಕ ಬರೋಬ್ಬರಿ ಮಾಡ್ಕೊಂಡ್ರ ಮುಂದಿನ ವರ್ಷದ ರಿಟರ್ನಿನ ಜಂಜಾಟ ಇರಂಗಿಲ್ಲ.

ಯಾಕ್ರಿ? ಚಲೋ ನಡೀತಿತ್ತಲ್ಲ?

ನಡೀತಿತ್ತು, ಖರೇ. ಒಂದೇ ಕಾರಣ ಕೇಳ್ತೀರಿ ಅಂತ ಗೊತ್ತದ, ಆದ್ರ ಒಂದಲ್ಲ.

ಮೊದಲ್ನೇದು ರ‍್ಯಾಮ್. 2025ರ ಕೊನೀಗಿ ರ‍್ಯಾಮ್ ರೇಟಿಗಿ ಯಾನ್ ಆತಂತ ನೋಡಿರ್ತೀರಿ. ಜಗತ್ತಿನಾಗ ಮೆಮೊರಿ ಚಿಪ್ ಮಾಡೋ ದೊಡ್ಡ ಕಂಪನಿ ಅಂದ್ರ ಮೂರೇ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರಿನವ್ರು ಭಾಳ ರೊಕ್ಕ ಕೊಟ್ಟು ಮಾಲು ಎತ್ಲತ್ತಾರ, ಕಾರ್ಖಾನಿ ಆ ಕಡೆ ತಿರುಗ್ಯಾವ, ನಮ್ಮಂಥ ಮಂದಿಗಿ ಬರೋ ಮಾಲು ಕಮ್ಮಿ ಆತು. ಮೈಕ್ರಾನ್‌ನವ್ರಂತೂ 2025ರ ಡಿಸೆಂಬರ್ ತಿಂಗಳಾಗ ಕ್ರೂಷಿಯಲ್ ಅನ್ನೋ ಅಂಗಡಿ ಮಾಲಿನ ದಂಧಾನೇ ಬಿಡ್ತೀವಿ, 2026ರ ಫೆಬ್ರವರಿ ತನಕ ಅಷ್ಟ ಮಾಲು ಕಳ್ಸ್ತೀವಿ ಅಂತ ಹೇಳಿಬಿಟ್ರು. ಹೊಸ ರ‍್ಯಾಮ್ ತುಟ್ಟಿ ಆದ ಕೂಡ್ಲೇ ಹಳೇದಕ್ಕೂ ಮಂದಿ ಬಿದ್ರು, ಹಳೇದೂ ತುಟ್ಟಿ. ಮುಂಜಾನೆ ನಾ ಹೇಳಿದ ರೇಟು ಸಂಜಿಗಿ ನನಗ ಸಿಗ್ತಿರ್ಲಿಲ್ಲ. ಸೈಟ್ ಮ್ಯಾಲ ಒಂದು ರೇಟು ಇರ್ತದ, ಗಿರಾಕಿ ರೊಕ್ಕ ಕಟ್ಟಿರ್ತಾರ, ನಾ ಸಪ್ಲೈಯರ್‌ಗಿ ಫೋನ್ ಹಚ್ಚಿದ್ರ ಅವ ನಗ್ತಾನ. ದೊಡ್ಡ ಮಂದಿ ಗೋಡೌನ್ ತುಂಬ ಮೊದಲ ತುಂಬ್ಕೊಂಡಿರ್ತಾರ, ನಮ್ಮದು ಎರಡು ಕಬ್ಬಿಣದ ರ‍್ಯಾಕು.

ಎರಡ್ನೇದು ವಿಂಡೋಸ್ 10. ಅಕ್ಟೋಬರ್ 14, 2025ಕ್ಕ ಅದರ ಸಪೋರ್ಟ್ ಮುಗೀತು. ವಿಂಡೋಸ್ 11 ಕಾಯ್ದೆ ಪ್ರಕಾರ ಇಂಟೆಲ್ 8ನೇ ಜನರೇಷನ್ ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು. ನಾವು ಮಾರೋದು 2ನೇ, 3ನೇ, 4ನೇ ಜನರೇಷನ್ ಮಾಲು. ಮೊದಲ ಒಂದು ಬೋರ್ಡು ಹೋದ್ರ ಅದೇ ಬೋರ್ಡು ಕೊಡ್ರಿ ಅಂತಿದ್ದ ಮುನೀಮರು ಈಗ "ಇದಕ್ಕ ರೊಕ್ಕ ಹಾಕೋದ್ಕಿಂತ ಹೊಸದೇ ತಗೊಳ್ಳೋದು ಚಲೋ ಅಲ್ಲೇನ್ರಿ" ಅಂತಾರ. ತಪ್ಪೂ ಅಲ್ಲ ಅವ್ರದು.

ಮೂರ್ನೇದು ರಿಟರ್ನು, ಇದು ಮನಸಿಗಿ ಹತ್ತಿದ್ದು. ಕ್ಯಾಶ್ ಆನ್ ಡೆಲಿವರಿ ಆರ್ಡರ್ ಮಾಡ್ತಾರ, ಬಾಗಿಲಿಗಿ ಹೋದ್ರ "ಬ್ಯಾಡ" ಅಂತಾರ, ಹೋಗೋ ಕೊರಿಯರ್ ಬರೋ ಕೊರಿಯರ್ ಎರಡೂ ನಮ್ಮ ಮ್ಯಾಲ. ಒಬ್ಬ ಪುಣ್ಯಾತ್ಮ ಐ5 ಪ್ರೊಸೆಸರ್ ತರ್ಸಿ "ನಡೀವಲ್ದು" ಅಂತ ವಾಪಸ್ ಕಳ್ಸಿದ, ಡಬ್ಬಿ ತೆಗೆದ್ರ ಒಳಗ ಹಳೇ ಪೆಂಟಿಯಂ, ಮ್ಯಾಲ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿತ್ತು. ಸೀರಿಯಲ್ ನಂಬರ್ ಫೋಟೋ ಇತ್ತು ನನ್ನ ಹತ್ರ, ಕಳ್ಸಿದೆ, ಬ್ಲಾಕ್ ಮಾಡಿದ. ಒಂದು ಪ್ರೊಸೆಸರಿನಾಗ ಕಳಕೊಂಡಿದ್ದು ಇಪ್ಪತ್ತು ಪ್ರೊಸೆಸರ್ ಮಾರಿದ್ರ ಬರೋ ಲಾಭ.

ಇನ್ನ ಕೊರಿಯರ್ ಲೆಕ್ಕ ಕೇಳ್ರಿ. ಕ್ಯಾಬಿನೆಟ್ ಕಳ್ಸೋದು ಯಾಕ ಬಿಟ್ರಿ ಅಂತ ಭಾಳ ಮಂದಿ ಬೈದೀರಿ. ಉದ್ದ ಅಗಲ ಎತ್ತರ ಸೆಂಟಿಮೀಟರ್‌ದಾಗ ಗುಣಿಸಿ 5000ಕ್ಕ ಭಾಗಿಸಿ ಅದನ್ನ ಕಿಲೋ ಅಂತ ಹಿಡೀತಾರ. 45, 45, 25ರ ಡಬ್ಬಿ ಅಂದ್ರ 10 ಕಿಲೋ ಮ್ಯಾಲ ಬರ್ತದ. ತಕ್ಕಡಿಗಿ ಇಟ್ರ ಅದು ನಾಕು ಕಿಲೋನೂ ಇರಂಗಿಲ್ಲ. ಒಳಗಿನ ಗಾಳಿಗಿ ನಾವು ರೊಕ್ಕ ಕಟ್ಬೇಕು.

ದಿವಾಳಿ ಆಗ್ಯಾರ ಅಂತ ಕೇಳಿದ್ವಿ, ಖರೇ ಏನು?

ಇಲ್ರಿ. ದಿವಾಳಿ ಆಗೋದ್ಕಿಂತ ಮೊದಲ ಮುಚ್ಲತ್ತೀವಿ, ಅದಕ್ಕ ಈಗ ಮುಚ್ಲತ್ತೀವಿ. ಇನ್ನೊಂದು ವರ್ಷ ಎಳೀಬಹುದಿತ್ತು, ಆದ್ರ ಆ ಒಂದು ವರ್ಷ ನಡ್ಸೋದು ನಿಮ್ಮ ಅಡ್ವಾನ್ಸ್ ರೊಕ್ಕದಾಗ. ಇವತ್ತು ಬಂದ ಆರ್ಡರಿನ ರೊಕ್ಕದಾಗ ಮೊನ್ನಿ ಆರ್ಡರಿನ ಮಾಲು ತರೋದು, ಈ ದಂಧಾದಾಗ ಮುಳುಗಿದವ್ರೆಲ್ಲ ಮುಳುಗಿದ್ದು ಹಿಂಗೇ. ಡಿಸೆಂಬರ್ ತಿಂಗಳಾಗ ಒಂದು ವಾರ ನಾನೂ ಹಂಗ ಮಾಡ್ದೆ. ಆ ವಾರ ನಿದ್ದಿ ಹತ್ಲಿಲ್ಲ, ಮುಂದಿನ ವಾರ ಮನ್ಯಾಗ ಕುಂತು ಹಿಸಾಬ್ ತೆಗೆದ್ವಿ. ಇದ್ದ ಮಾಲು ಮಾರಿ, ಬ್ಯಾಂಕಿನಾಗ ಇದ್ದದ್ದು ಕೂಡ್ಸಿದ್ರ ಎಲ್ಲಾರಿಗೂ ಕೊಡ್ಲಾಕ ಆಗ್ತದ, ಸ್ವಲ್ಪ ಉಳೀತದ. ಆರು ತಿಂಗಳು ತಡ ಮಾಡಿದ್ರ ಉಳೀತಿರ್ಲಿಲ್ಲ.

ನಾ ರೊಕ್ಕ ಕಟ್ಟೀನಿ, ಮಾಲು ಬಂದಿಲ್ಲ. ನಂದೇನು?

ಮಾಲು ನಮ್ಮ ರ‍್ಯಾಕಿನ್ಯಾಗ ಇದ್ರ ಕಳ್ಸ್ತೀವಿ, ಇಲ್ಲಂದ್ರ ಪೂರಾ ರೊಕ್ಕ ವಾಪಸ್, ಕೊರಿಯರ್ ಚಾರ್ಜ್ ಸಹಿತ. ಯುಪಿಐನಿಂದ ಕಟ್ಟಿದ್ರ ಅದೇ ಅಕೌಂಟಿಗಿ ಬರ್ತದ, ಕಾರ್ಡಿನಿಂದ ಕಟ್ಟಿದ್ರ ಕಾರ್ಡಿಗೇ ಹೋಗ್ತದ, ಬ್ಯಾಂಕಿನವ್ರು ತೋರ್ಸ್ಲಾಕ ಒಂದು ವಾರ ತಗೋತಾರ, ನಾಕನೇ ದಿನಕ್ಕ ನನಗ ಬೈಬ್ಯಾಡ್ರಿ. "ಬ್ಯಾರೆ ನಂಬರಿಗಿ ಹಾಕ್ರಿ ಅಣ್ಣಾ" ಅನ್ನೋರಿಗಿ ಹಾಕಂಗಿಲ್ಲ, ಯಾರ್ ಹಾಕಿದ್ರೋ ಅವ್ರಿಗೇ.

ಬದಲಿ ಮಾಲು ತಗೋರಿ ಅಂತ ನಾವು ಯಾರಿಗೂ ಒತ್ತಾಯ ಮಾಡಂಗಿಲ್ಲ. 8 ಜಿಬಿ ಕೇಳಿದವ್ರಿಗಿ "4 ಜಿಬಿ ಎರಡು ಅವ, ನಡೀತದಾ" ಅಂತ ಕೇಳ್ತೀವಿ, ಬ್ಯಾಡಂದ್ರ ರೊಕ್ಕ.

ನೀವು ರೊಕ್ಕ ಕೊಡ್ಲಿಲ್ಲಂದ್ರ ಯಾರಿಗಿ ಹೇಳ್ಬೇಕು?

ಈ ಪ್ರಶ್ನಿ ಕೇಳಿದ್ದು ಒಬ್ರೇ, ಅದೂ ಭಾಳ ಸಂಕೋಚ ಮಾಡ್ಕೊಂಡು. ಸಂಕೋಚ ಯಾಕ್ರಿ, ನಿಮ್ಮ ರೊಕ್ಕ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ. ಅದೂ ಆಗ್ಲಿಲ್ಲಂದ್ರ ಜಿಲ್ಲಾ ಗ್ರಾಹಕರ ಆಯೋಗಕ್ಕ ದೂರು ಕೊಡ್ಬಹುದು, 2019ರ ಗ್ರಾಹಕ ಕಾಯ್ದೆ ಪ್ರಕಾರ ಎರಡು ವರ್ಷದೊಳಗ ಕೊಡ್ಬೇಕು, ನೀವು ಇರೋ ಜಿಲ್ಲಾದಾಗೇ ಕೊಡ್ಬಹುದು, 5 ಲಕ್ಷದ ಒಳಗಿನ ವ್ಯವಹಾರಕ್ಕ ಫೀಸ್ ಇಲ್ಲ. ಅಂಗಡಿ ಮುಚ್ಚಿದ್ರೂ ಮಾಲಕ ಎಲ್ಲೂ ಹೋಗಂಗಿಲ್ಲ, ನಮ್ಮ ಮನಿ ಇಲ್ಲೇ ಅದ.

ನಿಮ್ಮ ಹತ್ರ ತಗೊಂಡ ಹೊಸ ಮಾಲಿನ ವಾರಂಟಿ ಹೋತೇನು?

ಹೋಗಿಲ್ಲ. ಡಬ್ಬಿ ಮಾಲಿನ ವಾರಂಟಿ ಕೊಡೋದು ಕಂಪನಿ, ನಾವಲ್ಲ. ನಾವು ನಡುವ ಪೋಸ್ಟ್‌ಮ್ಯಾನ್ ಕೆಲ್ಸ ಅಷ್ಟ ಮಾಡ್ತಿದ್ವಿ, ನಿಮ್ಮ ಕೆಟ್ಟ ಎಸ್‌ಎಸ್‌ಡಿ ತಗೊಂಡು ಹೈದರಾಬಾದ್ ಸರ್ವಿಸ್ ಸೆಂಟರಿಗಿ ಕಳ್ಸೋದು, ಬಂದ ಮ್ಯಾಲ ನಿಮಗ ಕೊಡೋದು. ಇನ್ನ ಮ್ಯಾಲ ನೀವೇ ಮಾಡ್ಬೇಕು. ಕಂಪನಿ ಸೈಟಿನ್ಯಾಗ ಸೀರಿಯಲ್ ನಂಬರ್ ಹಾಕಿದ್ರ ವಾರಂಟಿ ಎಲ್ಲೀ ತನಕ ಅಂತ ಬರ್ತದ. ಇವತ್ತೇ ನೋಡ್ಕೋರಿ, ತಪ್ಪು ತಾರೀಖು ತೋರ್ಸಿದ್ರ ನಾವಿರೋ ತನಕ ಬಿಲ್ ಕೊಟ್ಟು ಸರಿ ಮಾಡ್ಸಬಹುದು. ಡಬ್ಬಿಯ ಇಂಟೆಲ್, ಎಎಂಡಿ ಪ್ರೊಸೆಸರ್‌ಗಿ 3 ವರ್ಷ ಇರ್ತದ. ಕ್ರೂಷಿಯಲ್ ರ‍್ಯಾಮ್ ತಗೊಂಡವ್ರು ಗಾಬರಿ ಆಗ್ಯಾರ, ಗಾಬರಿ ಬ್ಯಾಡ, ಮಾರೋದು ನಿಂತ್ರೂ ವಾರಂಟಿ ಸರ್ವಿಸ್ ಮುಂದುವರಿಸ್ತೀವಿ ಅಂತ ಮೈಕ್ರಾನ್ ಹೇಳ್ಯದ.

ಎರಡು ಮಾತು ನೆನಪಿಟ್ಕೋರಿ. ರ‍್ಯಾಮ್ ಮ್ಯಾಲಿನ ಸ್ಟಿಕರ್ ಕೀಳಬ್ಯಾಡ್ರಿ. ಮದರ್‌ಬೋರ್ಡಿನ ಸಾಕೆಟ್ ಮ್ಯಾಲ ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ ಬರ್ತದಲ್ಲ, ಪ್ರೊಸೆಸರ್ ಹಚ್ಚಿದ ಕೂಡ್ಲೇ ಎಲ್ಲಾರೂ ಕಸಕ್ಕ ಒಗೀತಾರ, ಅದನ್ನ ಒಗೀಬ್ಯಾಡ್ರಿ, ಅದಿಲ್ದ ಬೋರ್ಡು ಕಳ್ಸಿದ್ರ ದಾರ‍್ಯಾಗ ಪಿನ್ ಬಗ್ತಾವ, ಪಿನ್ ಬಗ್ಗಿದ್ರ ವಾರಂಟಿ ಇಲ್ಲ ಅಂತಾರ, ಆಮ್ಯಾಲ ಜಗಳಾಡಿ ಉಪಯೋಗಿಲ್ಲ.

ಹಳೇ ಬೋರ್ಡಿಗಿ ನೀವೇ 6 ತಿಂಗಳು ಗ್ಯಾರಂಟಿ ಅಂತ ಬರ್ದು ಕೊಟ್ಟೀರಿ, ಅದು?

ಅದು ನಮ್ಮ ಮ್ಯಾಲೇ. ಅವಧಿ ಇನ್ನೂ ಉಳಿದಿದ್ದು, ಯುಗಾದಿ ಒಳಗ ಕೆಟ್ರ ಬದಲಿ ಕೊಡ್ತೀವಿ. ಬದಲಿ ಇಲ್ಲಂದ್ರ ಉಳಿದ ತಿಂಗಳ ಲೆಕ್ಕ ಹಾಕಿ ರೊಕ್ಕ. ಕೆಟ್ಟಿಲ್ಲ, ಆದ್ರ ಮುಂದ ಕೆಟ್ರ ಯಾನ್ ಅನ್ನೋರಿಗಿ ವಾಟ್ಸಾಪ್ ಗ್ರೂಪಿನ್ಯಾಗ ಒಂದು ರೇಟು ಹಾಕೀನಿ, ಅಷ್ಟು ಈಗಲೇ ತಗೊಂಡು ಗ್ಯಾರಂಟಿ ಮುಗಿಸ್ಬಹುದು. ಬ್ಯಾಡ, ಕೆಟ್ರ ಬರ್ತೀನಿ ಅನ್ನೋರು ನನ್ನ ಮನಿಗಿ ಬರ್ರಿ, ಚಹಾ ಕುಡ್ಸಿ ನೋಡಿ ಕೊಡ್ತೀನಿ. ಆದ್ರ ಇಲಿ ಒಳಗ ಹೊಕ್ಕು ಉಚ್ಚಿ ಹೊಯ್ದ ಬೋರ್ಡಿಗಿ ಗ್ಯಾರಂಟಿ ಮೊದಲೂ ಇರ್ಲಿಲ್ಲ, ಈಗೂ ಇಲ್ಲ. ಅಫಜಲಪುರದ ಅಣ್ಣೋರು ಯಾರಂತ ಅವ್ರಿಗಿ ಗೊತ್ತದ.

ರಿಪೇರಿಗಿ ಕೊಟ್ಟದ್ದು ನಿಮ್ಮ ಹತ್ರ ಉಳಿದದ?

9 ಬೋರ್ಡು, 4 ಎಸ್‌ಎಂಪಿಎಸ್, ಒಂದು ಗ್ರಾಫಿಕ್ಸ್ ಕಾರ್ಡು ಅವ. ಎಲ್ಲದರ ಮ್ಯಾಲೂ ಹೆಸ್ರಿನ ಚೀಟಿ ಅದ, ಫೋನೂ ಮಾಡೀವಿ. ಬಂದು ಒಯ್ರಿ. ರಿಪೇರಿ ಆಗದಿದ್ರ ರೊಕ್ಕ ತಗೊಳ್ಳಂಗಿಲ್ಲ, ಮಾಲು ಮಾತ್ರ ಒಯ್ರಿ.

ನಾ ನಿಮಗ ಉದ್ರಿ ಕೊಡೋದದ, ಮುಚ್ಚಿದ ಮ್ಯಾಲ ಕೊಡೋದು ಬ್ಯಾಡೇನು?

ನಗು ಬಂತು ಓದಿ. ಕೊಡ್ರೀ ಅಣ್ಣಾ.

ಹುಡುಗಾಟ ಇರ್ಲಿ, ಆನ್‌ಲೈನ್ ಸೆಂಟರ್ ನಡ್ಸೋರು, ಡಿಟಿಪಿಯವ್ರು ಭಾಳ ಮಂದಿ ತಿಂಗಳ ಉದ್ರಿ ಮ್ಯಾಲ ಒಯ್ದೀರಿ, ಒಂದಿಬ್ರು ಬಿಟ್ರ ಯಾರೂ ಮುಳುಗ್ಸಿಲ್ಲ. ಮಾಲು ಉಳಿದಿದ್ರ ವಾಪಸ್ ಕೊಟ್ರೂ ನಡೀತದ, ಇವತ್ತಿನ ರೇಟಿಗಿ ತಗೋತೀನಿ. ಡಿಡಿಆರ್3 ಇದ್ದವ್ರಿಗಿ ಲಾಭ, ನನಗ ಲುಕ್ಸಾನ್, ಆಗ್ಲಿ.

ಜಿಎಸ್‌ಟಿ ಬಿಲ್ಲು ಬೇಕು, ಈಗ ಸಿಗ್ತದೇನು?

ಈಗ ಸಿಗ್ತದ, ಆಮ್ಯಾಲ ಕಷ್ಟ, ಅದಕ್ಕ ಈ ಕೆಲ್ಸ ಇವತ್ತೇ ಮಾಡ್ರಿ. ನಮ್ಮ ಎಲ್ಲಾ ಮಾಲಿಗೂ 18 ಪರ್ಸೆಂಟ್ ಜಿಎಸ್‌ಟಿ, ಜಿಎಸ್‌ಟಿ ನಂಬರ್ ಇದ್ದ ಅಂಗಡಿಯವ್ರು ಅದರ ಇನ್‌ಪುಟ್ (ಖರೀದಿ ಮ್ಯಾಲ ಕಟ್ಟಿದ ಟ್ಯಾಕ್ಸಿನ ಕ್ರೆಡಿಟ್) ತಗೋತೀರಿ, ಜಿಎಸ್‌ಟಿ ಸೈಟಿನ್ಯಾಗ ನಿಮ್ಮ ಖರೀದಿ ಬಿಲ್ಲಿನ ಪಟ್ಟಿ, ಅದೇ 2ಬಿ, ತೆಗೆದು ನಮ್ಮ ಬಿಲ್ಲು ಎಲ್ಲಾ ಬಂದಾವೇನು ನೋಡ್ರಿ. ನಂಬರ್ ತಪ್ಪು ಹಾಕಿದ್ದು, ಒಂದು ಬಿಲ್ಲು ಬಿಟ್ಟು ಹೋಗಿದ್ದು ಇದ್ರ ರಿಜಿಸ್ಟ್ರೇಷನ್ ಕ್ಯಾನ್ಸಲ್ ಆಗೋದ್ಕಿಂತ ಮೊದಲ ಹೇಳ್ರಿ. ಕ್ಯಾನ್ಸಲ್ ಆದ ಮ್ಯಾಲ ನನಗ ಬಿಲ್ಲೂ ಹರೀಲಾಕ ಬರಂಗಿಲ್ಲ, ಕ್ರೆಡಿಟ್ ನೋಟೂ ಕೊಡ್ಲಾಕ ಬರಂಗಿಲ್ಲ. ಮೂರು ತಿಂಗಳೊಳಗ ಜಿಎಸ್‌ಟಿಆರ್-10 ಅನ್ನೋ ಕಡೀ ರಿಟರ್ನ್ ಹಾಕ್ಬೇಕು, ಅದರಾಗ ಉಳಿದ ಸ್ಟಾಕಿನ ಲೆಕ್ಕ ಕೊಡ್ಬೇಕು, ಆ ಸ್ಟಾಕಿನ ಮ್ಯಾಲ ಮೊದಲ ತಗೊಂಡ ಇನ್‌ಪುಟ್ ವಾಪಸ್ ಕಟ್ಬೇಕು. ಡಿಡಿಆರ್2 ರ‍್ಯಾಮ್ ಒಂದು ಡಬ್ಬಿ ತುಂಬ ಅದ, ಯಾರೂ ಒಯ್ಯವಲ್ರು, ಅದಕ್ಕೂ ನಾ ಟ್ಯಾಕ್ಸ್ ಕಟ್ಬೇಕು ನೋಡ್ರಿ.

ಹಳೇ ಬಿಲ್ಲಿನ ಕಾಪಿ ಮಾತ್ರ ಆಮ್ಯಾಲೂ ಸಿಗ್ತದ. ವರ್ಷದ ರಿಟರ್ನಿನ ತಾರೀಖಿನಿಂದ 72 ತಿಂಗಳು ಲೆಕ್ಕಪತ್ರ ಇಡ್ಬೇಕಂತ ಕಾಯ್ದೆನೇ ಅದ, ಇಡ್ತೀನಿ.

ಇನ್ನ ಮ್ಯಾಲ ಹಳೇ ಪಾರ್ಟು ಎಲ್ಲಿ ತಗೊಳ್ಳೋದು?

ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯವ್ರಿಗಿ ಸಿಕಂದರಾಬಾದಿನ ಸಿಟಿಸಿನೇ ಹತ್ರ. ಯಾದಗಿರಿಯವ್ರೂ ಅಲ್ಲಿಗೇ ಹೋಗ್ರಿ, ರೈಲ್ ಅದ. ಬೆಂಗಳೂರಿಗಿ ಹೋಗೋ ಕೆಲ್ಸ ಇದ್ರ ಎಸ್‌ಪಿ ರೋಡ್. ಎರಡೂ ಕಡಿ ಮಷಿನ್ ಮುಂದ ಹಚ್ಚಿ ತೋರ್ಸು ಅನ್ರಿ, ಹಚ್ಚಿ ತೋರ್ಸದ ಅಂಗಡ್ಯಾಗ ಹಳೇ ಬೋರ್ಡು ತಗೋಬ್ಯಾಡ್ರಿ. ಆನ್‌ಲೈನ್ ತಗೊಳ್ಳೋರು ಇಷ್ಟು ನೋಡ್ಕೋರಿ, ಇದನ್ನ ನಾವು ಫೋನಿನ್ಯಾಗ ದಿನಕ್ಕ ಹತ್ತು ಸಲ ಹೇಳ್ತಿದ್ವಿ:

ಡಿಡಿಆರ್2ಕ್ಕೂ ಡಿಡಿಆರ್3ಕ್ಕೂ 240 ಪಿನ್ನೇ, ಆದ್ರ ನಡುವಿನ ಕಚ್ಚು ಬ್ಯಾರೆ ಬ್ಯಾರೆ ಜಾಗಾದಾಗ ಇರ್ತದ. ಹಂಗೇ ಡಿಡಿಆರ್4, ಡಿಡಿಆರ್5 ಎರಡೂ 288 ಪಿನ್, ಒಂದ್ರಾಗ ಒಂದು ಕೂಡಂಗಿಲ್ಲ. ಕೂಡವಲ್ದು ಅಂದ್ರ ಒತ್ತಬ್ಯಾಡ್ರಿ. ಹೆಬ್ಬೆರಳಿನಿಂದ ಒತ್ತಿ ಸ್ಲಾಟ್ ಮುರದವ್ರು ನಮ್ಮ ಹತ್ರ ಭಾಳ ಬಂದಾರ, ಎಲ್ಲಾರೂ ಹೇಳಿದ್ದು "ಮೊದಲೇ ಮುರದಿತ್ತು" ಅಂತ.

ಲ್ಯಾಪ್‌ಟಾಪಿನವ್ರು ಡಿಡಿಆರ್3 ಮತ್ತು ಡಿಡಿಆರ್3ಎಲ್ ಫರಕ್ ನೋಡ್ರಿ. ಮೊದಲ್ನೇದು 1.5 ವೋಲ್ಟು, ಎಲ್ ಇದ್ದದ್ದು 1.35. ಎಲ್ ಬೇಡೋ ಮಷಿನಿಗಿ ಬರೇ ಡಿಡಿಆರ್3 ಹಾಕಿದ್ರ ಕರಿ ಸ್ಕ್ರೀನು, ಮಷಿನ್ ಸತ್ತಿತು ಅಂತ ಅಳ್ತೀರಿ.

ಭಾಳ ಸೋವಿಗಿ "8 ಜಿಬಿ ಡಿಡಿಆರ್3, ಎಎಂಡಿಗಿ ಮಾತ್ರ" ಅಂತ ಸಣ್ಣ ಅಕ್ಷರದಾಗ ಬರ್ದ ಸ್ಟಿಕ್ ಸಿಗ್ತಾವ. ಅವು ಎಎಂಡಿ ಬೋರ್ಡಿನ್ಯಾಗ ಅಷ್ಟ ನಡೀತಾವ, ನಿಮ್ಮ ಇಂಟೆಲ್ ಎಚ್61 ಬೋರ್ಡು ಅದನ್ನ ನೋಡಂಗೇ ಇಲ್ಲ. ಮತ್ತ ಎಚ್61ಕ್ಕ ಎರಡು ಸ್ಲಾಟು, ಕೂಡಿ 16 ಜಿಬಿನೇ ಮಿತಿ.

ಎಸ್‌ಎಂಪಿಎಸ್ ತಗೊಳ್ಳುವಾಗ ಕೈಯಾಗ ಎತ್ತಿ ನೋಡ್ರಿ. 450 ವ್ಯಾಟ್ ಅಂತ ಬರ್ದು ಅರ್ಧ ಕಿಲೋನೂ ತೂಗದ ಡಬ್ಬಿ ಅಂದ್ರ ಒಳಗ ಯಾನೂ ಇಲ್ಲ.

ರ‍್ಯಾಮ್ ಈಗ ತಗೊಳ್ಲಾ, ಇಳಿಯೋ ತನಕ ಕಾಯ್ಲಾ?

ಕೆಲ್ಸ ನಿಂತಿದ್ರ ತಗೋರಿ, ನಡೀಲತ್ತಿದ್ರ ಮುಟ್ಟಬ್ಯಾಡ್ರಿ. ತೊಗರಿ ರೇಟು ನಾಳಿ ಯಾನ್ ಅಂತ ಗಂಜಿನ ದಲಾಲರೇ ಹೇಳಂಗಿಲ್ಲ, ರ‍್ಯಾಮ್ ರೇಟು ನನಗೇನ್ ಗೊತ್ತು.

ವಿಂಡೋಸ್ 10 ಹೋತು, ನನ್ನ 3ನೇ ಜನರೇಷನ್ ಮಷಿನ್ ಗುಜರಿಗಿ ಹಾಕ್ಬೇಕೇನು?

ಬ್ಯಾಡ. ಬರೇ ನುಡಿ ಟೈಪಿಂಗ್, ಪ್ರಿಂಟು, ಇಂಟರ್ನೆಟ್ ಇಲ್ದ ಟ್ಯಾಲಿ ಅಷ್ಟ ಇದ್ರ ಅದು ಇನ್ನೂ ದುಡೀತದ. ಇಂಟರ್ನೆಟ್ ಬ್ಯಾಂಕಿಂಗ್ ಮಾಡೋ ಮಷಿನ್ ಆದ್ರ ಮಾತು ಬ್ಯಾರೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಇಎಸ್‌ಯು ಅನ್ನೋ ಹೆಚ್ಚಿನ ಅಪ್‌ಡೇಟ್ ಯೋಜನಾಕ್ಕ ಸೇರಿದ್ರ ಮನಿ ಕಂಪ್ಯೂಟರ್‌ಗಿ ಅಕ್ಟೋಬರ್ 13, 2026ರ ತನಕ ಸೆಕ್ಯುರಿಟಿ ಅಪ್‌ಡೇಟ್ ಬರ್ತಾವ, ಸೆಟ್ಟಿಂಗ್ಸಿನ ಅಪ್‌ಡೇಟ್ ಜಾಗಾದಾಗೇ ಅದ. ಆಮ್ಯಾಲ ಲಿನಕ್ಸ್ ಮಿಂಟ್ ಹಾಕ್ರಿ, ಒಂದು ಎಸ್‌ಎಸ್‌ಡಿ ಹಾಕಿದ್ರ ಹಳೇ ಐ3ನೂ ಓಡ್ತದ.

ವಿಂಡೋಸ್ 11 ಹೆಂಗರ ಮಾಡಿ ತುರುಕ್ತೀವಿ ಅನ್ನೋ ಹುಡುಗರು ಪ್ರತಿ ಕಾಲೇಜಿನ್ಯಾಗೂ ಇರ್ತಾರ. ತುರುಕ್ಲಾಕ ಬರ್ತದ, ಆದ್ರ ಕಂಪನಿ ಜವಾಬ್ದಾರಿ ಇಲ್ಲ, ಯಾವ ಅಪ್‌ಡೇಟಿಗಿ ನಿಲ್ತದೋ ಗೊತ್ತಾಗಂಗಿಲ್ಲ. ಕೋರ್ 2 ಡ್ಯುಯೋ ಮ್ಯಾಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟೇ ಆಗಂಗಿಲ್ಲ, ಅದಕ್ಕ ಬೇಕಾದ ಇನ್‌ಸ್ಟ್ರಕ್ಷನ್ (ಪ್ರೊಸೆಸರಿಗಿ ತಿಳಿಯೋ ಆಜ್ಞಾ) ಆ ಪ್ರೊಸೆಸರಿನಾಗೇ ಇಲ್ಲ.

ನೀವಿಲ್ದ ನಮ್ಮ ಮಷಿನ್ ಹೆಂಗ್ ನೋಡ್ಕೊಳ್ಳೋದು?

ನಮ್ಮ ಕಡೆಯ ಮಷಿನು ಸಾಯೋದು ಬಿಸಲಿಗಿ, ಧೂಳಿಗಿ, ಕರೆಂಟಿಗಿ. ಏಪ್ರಿಲ್ ಮೇದಾಗ 42 ಡಿಗ್ರಿ ದಾಟ್ತದ, ಮ್ಯಾಲ ತಗಡಿನ ಷೆಡ್ಡು, ಟೇಬಲ್ ಕೆಳಗ ಗ್ವಾಡಿಗಿ ಹಚ್ಚಿಟ್ಟ ಸಿಪಿಯು. ಅದು ಬಂದ್ ಆಗದೇ ಯಾನ್ ಮಾಡ್ಬೇಕು. ಯುಗಾದಿಗಿ ಮನಿ ಸಾರಸ್ತೀರಲ್ಲ, ಅವತ್ತೇ ಕ್ಯಾಬಿನೆಟ್ ತೆಗೆದು ಬ್ರಷ್‌ನಿಂದ ಕೂಲರ್ ಸ್ವಚ್ಛ ಮಾಡ್ರಿ, ಎರಡು ವರ್ಷಕ್ಕೊಮ್ಮಿ ಥರ್ಮಲ್ ಪೇಸ್ಟ್ ಬದ್ಲಿ ಮಾಡ್ರಿ. ಶಹಾಬಾದ್, ವಾಡಿ, ಸೇಡಂ ಕಡೆಯವ್ರು ಆರು ತಿಂಗಳಿಗಿ ತೆಗೀರಿ, ಕಲ್ಲಿನ ಪುಡಿ ಸಿಮೆಂಟ್ ಪುಡಿ ಕೂಡಿ ಕೂಲರಿನ್ಯಾಗ ಪ್ಲಾಸ್ಟರ್ ಹಚ್ಚಿದಂಗ ಕುಂತಿರ್ತದ, ನಾ ಚಾಕು ಹಾಕಿ ಕೆತ್ತೀನಿ.

ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತದ ಅನ್ನೋರು ಎಸ್‌ಎಂಪಿಎಸ್ ಬದ್ಲಿ ಮಾಡಬ್ಯಾಡ್ರಿ, ಮೊದಲ ಅರ್ಥಿಂಗ್ ನೋಡಸ್ರಿ. ಹತ್ರಾಗ ಎಂಟು ಮಂದಿ ಮನ್ಯಾಗ ಮೂರನೇ ತೂತಿಗಿ ವೈರೇ ಇರಂಗಿಲ್ಲ.

ಇನ್ನ ಸೀಮೋಸ್ ಸೆಲ್ಲು. ಮುಂಜಾನೆ ಚಾಲೂ ಮಾಡಿದ್ರ ತಾರೀಖು ಹತ್ತು ಹದಿನೈದು ವರ್ಷ ಹಿಂದ ಹೋಗಿರ್ತದ, ಸೈಟು ಯಾವೂ ಓಪನ್ ಆಗಂಗಿಲ್ಲ, ಸುರಕ್ಷಿತ ಅಲ್ಲ ಅಂತ ಕೆಂಪಗ ಬರ್ತದ, ಸೆಂಟರಿನ ಮುಂದ ಅರ್ಜಿ ಹಾಕೋ ಮಂದಿ ಸಾಲ್ ಹಚ್ಚಿರ್ತಾರ, ಇವ್ರು ನೆಟ್ ಕಂಪನಿಯವ್ರಿಗಿ ಫೋನ್ ಮಾಡಿ ಜಗಳಾಡ್ತಿರ್ತಾರ. ಅದು ನೆಟ್ ಅಲ್ರಿ, ಬೋರ್ಡಿನ ಮ್ಯಾಲಿನ ನಾಣ್ಯದಂಥ ಸೆಲ್ಲು, ಸಿಆರ್2032, ಗಡಿಯಾರದ ಅಂಗಡ್ಯಾಗೂ ಸಿಗ್ತದ. ಇದೊಂದಕ್ಕ ಹಳ್ಳಿಯಿಂದ ಸಿಪಿಯು ಬೈಕಿನ ಮ್ಯಾಲ ಕಟ್ಕೊಂಡು ಬಂದವ್ರನ್ನ ನೋಡಿ ನನಗೇ ಕೆಟ್ಟ ಅನಿಸ್ತಿತ್ತು.

ಉಳಿದ ಮಾಲು ಯಾನ್ ಮಾಡ್ತೀರಿ?

ನಡಿಯೋ ಮಾಲು ಸಿಟಿಸಿಯ ವ್ಯಾಪಾರಿ ಒಬ್ರು ಒಂದೇ ಗಂಟಿನ್ಯಾಗ ಎತ್ತಾರ, ರೇಟು ಕೇಳಬ್ಯಾಡ್ರಿ. ಸತ್ತ ಬೋರ್ಡು, ಸುಟ್ಟ ಎಸ್‌ಎಂಪಿಎಸ್ ಗುಜರಿಗಿ ಕೊಡಂಗಿಲ್ಲ. ಅವ್ರು ತಾಮ್ರದ ಸಲುವಾಗಿ ಕೇಬಲ್ ಸುಡ್ತಾರ, ಆ ಹೊಗಿ ಓಣಿ ಮಕ್ಕಳು ಕುಡೀತಾವ. 2022ರ ಇ-ತ್ಯಾಜ್ಯ ನಿಯಮದ ಪ್ರಕಾರ ರಿಜಿಸ್ಟರ್ ಆದ ರೀಸೈಕ್ಲರ್‌ಗೇ ಕೊಡ್ಬೇಕು, ಅವ್ರ ಗಾಡಿ ಬರೋದದ. ನಿಮ್ಮ ಮನ್ಯಾಗ ಸತ್ತ ಬೋರ್ಡು ಇದ್ರ ತಂದು ನಮ್ಮ ಮೂಟೆಗಿ ಹಾಕ್ರಿ, ರೊಕ್ಕ ಕೊಡಂಗಿಲ್ಲ, ತಗೊಳ್ಳಂಗೂ ಇಲ್ಲ.

ನಿಮ್ಮ ಹುಡುಗ್ರು?

ಇಬ್ರಿದ್ರು. ಪ್ಯಾಕಿಂಗ್ ಮಾಡೋ ಹುಡುಗನಿಗಿ ಬ್ಯಾರೆ ಕಡಿ ಕೆಲ್ಸ ಸಿಕ್ಕದ. ಚಿತ್ತಾಪುರದ ಹುಡುಗ, ನಿಮ್ಮ ಫೋನ್ ಎತ್ತಿ "ಸ್ಲಾಟಿನ ಫೋಟೋ ಹಾಕ್ರಿ ಸರ್" ಅಂತಿದ್ದನಲ್ಲ, ಅವ ತನ್ನ ಊರಾಗ ರಿಪೇರಿ ಅಂಗಡಿ ಇಡ್ಲತ್ತಾನ. ನಮ್ಮ ಸೋಲ್ಡರಿಂಗ್ ಮಷಿನು, ಟೆಸ್ಟಿಂಗ್ ಬೋರ್ಡು, ಸ್ಕ್ರೂ ಡಬ್ಬಿ ಅವನಿಗೇ ಕೊಟ್ಟೀನಿ. ನನಗಿಂತ ಚಲೋ ನೋಡ್ತಾನ, ಆದ್ರ ನನ್ನಂಗ ಫೋನಿನ್ಯಾಗ ಪುಕ್ಕಟೆ ಅರ್ಧ ತಾಸು ಮಾತಾಡಂಗಿಲ್ಲ, ಅದೇ ಅವನ ಶಾಣ್ಯಾತನ.

ನಿಮ್ಮ ಹೆಸ್ರಿನ್ಯಾಗ "90 ಪರ್ಸೆಂಟ್ ಆಫ್, ಅಂಗಡಿ ಖಾಲಿ ಮಾಡ್ಲತ್ತೀವಿ" ಅಂತ ಲಿಂಕ್ ಬಂದದ?

ನಮ್ಮದಲ್ಲ, ಒತ್ತಬ್ಯಾಡ್ರಿ. ಅಂಗಡಿ ಮುಚ್ತದಂತ ಗೊತ್ತಾದ ಕೂಡ್ಲೇ ಇಂಥವು ಹುಟ್ತಾವ. ನಾವು ಯಾರಿಗೂ ಯಾವ ಲಿಂಕೂ ಕಳ್ಸಿಲ್ಲ, ರಿಫಂಡ್ ಕೊಡ್ಲಾಕ ನಿಮ್ಮ ಹತ್ರ ಪಿನ್ ಕೇಳಂಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡ್ರಿ ಅನ್ನಂಗಿಲ್ಲ. ರೊಕ್ಕ ಬರ್ಲಾಕ ಪಿನ್ ಬೇಕಾಗಂಗಿಲ್ಲ, ಹೋಗ್ಲಾಕ ಬೇಕಾಗ್ತದ. ಈಗಾಗ್ಲೇ ಕಳಕೊಂಡಿದ್ರ 1930ಕ್ಕ ತಡ ಮಾಡ್ದ ಫೋನ್ ಮಾಡ್ರಿ, ಮೊದಲ್ನೇ ತಾಸಿನ್ಯಾಗ ಹೇಳಿದ್ರ ರೊಕ್ಕ ತಡಿಯೋ ಸಾಧ್ಯತಾ ಹೆಚ್ಚಿರ್ತದ.

ನಮ್ಮ ಅಡ್ರೆಸ್, ಫೋನ್ ನಂಬರ್ ಯಾರಿಗರ ಮಾರ್ತೀರೇನು?

ಇಲ್ಲ. ಕೇಳಿಕೊಂಡು ಬಂದಿದ್ರು ಒಬ್ರು, ರೊಕ್ಕಾನೂ ಹೇಳಿದ್ರು. ಬಿಲ್ಲಿನ್ಯಾಗ ಇರೋದು ಕಾಯ್ದೆ ಸಲುವಾಗಿ ಉಳೀತದ, ಉಳಿದದ್ದು ಸೈಟ್ ಜೋಡಿ ಅಳಿಸ್ತೀವಿ.

ಸೈಟು, ಅದರಾಗಿನ ಯಾವ ಬೋರ್ಡಿಗಿ ಯಾವ ರ‍್ಯಾಮ್ ಅನ್ನೋ ಪಟ್ಟಿ, ಅದೂ ಹೋಗ್ತದೇನು?

ಸೈಟ್ ಹೋಗ್ತದ. ಪಟ್ಟಿ ಹೋಗಬ್ಯಾಡ ಅಂತ ಭಾಳ ಮಂದಿ ಹೇಳ್ಲತ್ತೀರಿ. ಹತ್ತು ವರ್ಷ ಕುಂತು, ಒಂದೊಂದು ಬೋರ್ಡಿಗಿ ಒಂದೊಂದು ರ‍್ಯಾಮ್ ಹಚ್ಚಿ ತೆಗೆದು, ನಡೀತು, ನಡೀಲಿಲ್ಲ, ಒಂದೇ ಸ್ಲಾಟಿನ್ಯಾಗ ನಡೀತು ಅಂತ ಬರ್ದದ್ದು. ಮಾಲು ಮಾರಿದ್ರಾಗ ಬಂದದ್ದಕ್ಕಿಂತ ಈ ಪಟ್ಟಿ ಮಾಡಿದ್ರಾಗ ನನಗ ಹೆಚ್ಚು ಖುಷಿ ಸಿಕ್ಕದ, ಖರೇ ಹೇಳ್ಬೇಕಂದ್ರ. ಅದನ್ನ ಪಿಡಿಎಫ್ ಮಾಡ್ಲತ್ತೀನಿ, ಯಾರಿಗಿ ಬೇಕು ಅವ್ರು ಒಯ್ರಿ, ಪ್ರಿಂಟ್ ತೆಗೆದು ಅಂಗಡ್ಯಾಗ ಹಚ್ರಿ, ನನ್ನ ಹೆಸ್ರು ಬರೀದಿದ್ರೂ ನಡೀತದ.

ಮುಂದ ನೀವ್ ಯಾನ್ ಮಾಡ್ತೀರಿ?

ಮೊದಲ ಒಂದು ತಿಂಗಳು ಮಧ್ಯಾಹ್ನ ಮಲಗ್ತೀನಿ.

ಗ್ವಾಡಿಗಿ ತೂಗ್ಹಾಕಿದ್ದ ಆ ಡಿಡಿಆರ್1 ರ‍್ಯಾಮ್ ಇನ್ನೂ ಅದ ಏನ್ರಿ?

ಅದ. 512 ಎಂಬಿ, 184 ಪಿನ್. ಶುರು ಮಾಡಿದಾಗ ಮೊದಲ್ನೇ ಚೀಲದಾಗ ಬಂದಿತ್ತು, ಅವತ್ತೂ ಯಾರೂ ಒಯ್ಲಿಲ್ಲ, ಇವತ್ತೂ ಒಯ್ದಿಲ್ಲ. ಆಳಂದದ ಡಿಟಿಪಿ ಅಕ್ಕೋರು ಒಬ್ರು ತಮ್ಮ ಹತ್ರ ಪೆಂಟಿಯಂ 4 ಇನ್ನೂ ಚಾಲೂ ಅದ, ಅದಕ್ಕ ಬೇಕು ಅಂತ ಮೆಸೇಜ್ ಹಾಕ್ಯಾರ. ಅಕ್ಕೋರ, ರೊಕ್ಕ ಬ್ಯಾಡ, ಆದ್ರ ಮಷಿನ್ ತಗೊಂಡೇ ಬರ್ರಿ, ಹಚ್ಚಿ ಚಾಲೂ ಮಾಡಿ ನೋಡಿ ಕೊಡ್ತೀನಿ. ಸ್ಲಾಟಿನ ಫೋಟೋ ಕಳ್ಸಬ್ಯಾಡ್ರಿ.